ಕೀ ಕೊಟ್ಟವರೂ ಉತ್ತರ ಹೇಳಲಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಮಾಸ್ಟ್ರೊಬ್ಬರು ಪತ್ರ ಬರೆದಿದ್ದಾರೆ. ರಸ್ತೆಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ವ್ಹೀಲಿ ಮಾಡುವ, ಕಾರನ್ನು ಗಿರಗಿರ ತಿರುಗಿಸುವ ಹುಡುಗರ ಮೇಲೆ ಕ್ರಿಮಿನಲ್ ಕೇಸು ಹಾಕಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ಅವರಿಗೆ ಬೇಸರ ತಂದಿದೆ. ‘ಬಿಸಿ ರಕ್ತದ ಪ್ರಾಯ. ಫೈನ್ ಹಾಕಿ, ಬುದ್ಧಿ ಹೇಳಿ ಬಿಟ್ಟರೆ ಸಾಲದೇ? ಕೇಸು ಬಿದ್ದರೆ ಗಲ್ಫ್ ಕೆಲಸ ಹೋಯಿತು. ಒಂದು ನಿಮಿಷದ ಹುಡುಗಾಟಕ್ಕೆ ಇಡೀ ಬದುಕು ಹಾಳಾಗಬೇಕೇ?’ ಎಂದು ಕೇಳಿದ್ದಾರೆ.

ಮಾಸ್ಟ್ರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಹುಡುಗರ ಪರವಾಗಿ ಮಾತಾಡುವವರು ಊರಲ್ಲಿ ಒಬ್ಬರಾದರೂ ಇರಬೇಕು. ಕೇಸು ಇದ್ದರೆ ವಿದೇಶದ ಕೆಲಸಕ್ಕೆ ಕೇಳುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ತೊಂದರೆ ಅನ್ನುವುದೂ ನಿಜ. ಆದರೆ ನಿಮ್ಮ ಪತ್ರದಲ್ಲಿ ಬೈಕ್ ಓಡಿಸಿದವನೊಬ್ಬನೇ ಇದ್ದಾನೆ. ಅವನ ಎದುರಿಂದ ಬರುತ್ತಿದ್ದವರು ಯಾರೂ ಇಲ್ಲ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಪೇಟೆ ರಸ್ತೆಯಲ್ಲಿ ಸುಮ್ನೆ ನಿಂತು ನೋಡಿ. ನಾನು ನೋಡಿದ್ದು ಹೇಳುತ್ತೇನೆ. ಒಬ್ಬ ಹುಡುಗ ಬೈಕಿನ ಮುಂದಿನ ಚಕ್ರ ಎತ್ತಿದ. ನಂಬರ್ ಪ್ಲೇಟನ್ನು ಮೊದಲೇ ಮಡಚಿ ಸೀಟಿನಡಿಗೆ ತುರುಕಿದ್ದ. ಇನ್ನೊಬ್ಬ ರಸ್ತೆ ಮಧ್ಯೆ ಕುಕ್ಕುರುಗಾಲಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಸೊಸೈಟಿಗೆ ಹಾಲು ಕೊಟ್ಟು ಬರುತ್ತಿದ್ದ ಹೆಂಗಸು ಖಾಲಿ ಕ್ಯಾನು ಎದೆಗವಚಿಕೊಂಡು ಚರಂಡಿಗೆ ಇಳಿದು ನಿಂತರು. ಒಂದನೇ, ಎರಡನೇ ಕ್ಲಾಸಿನ ಮಕ್ಕಳು ಬ್ಯಾಗು ಸಮೇತ ಕಾಂಪೌಂಡಿಗೆ ಅಂಟಿಕೊಂಡರು. ವಿಡಿಯೋ ಸರಿ ಬರಲಿಲ್ಲವೆಂದು ಹುಡುಗ ಬೈಕ್ ತಿರುಗಿಸಿ ಮತ್ತೆ ಬಂದ. ಪ್ಲೇಟ್ ಮಡಚಿಡುವವನಿಗೆ ತಾನು ಮಾಡುವುದು ತಪ್ಪು ಅಂತ ಮನೆಯಿಂದ ಹೊರಡುವಾಗಲೇ ಗೊತ್ತಿರುತ್ತದೆ, ಅಲ್ವಾ?

ವಿಡಿಯೋ ತೆಗೆಯುವವನಾದರೂ ಕ್ಷೇಮವೇ? 2024ರ ಡಿಸೆಂಬರಿನಲ್ಲಿ ಕೋಝಿಕ್ಕೋಡಿನ ಬೀಚ್ ರಸ್ತೆಯಲ್ಲಿ ಕಾರುಗಳ ರೀಲ್ಸ್ ಚಿತ್ರೀಕರಿಸುತ್ತಿದ್ದ 20 ವರ್ಷದ ಹುಡುಗ, ಅದೇ ಚಿತ್ರೀಕರಣದ ಕಾರು ಬಡಿದು ತೀರಿಕೊಂಡ. ಅವನಿಗೂ ಅಪ್ಪ ಅಮ್ಮ ಇದ್ದರು. ಅವನೂ ಇನ್ನೂ ಬದುಕಬೇಕಾಗಿದ್ದವನು.

ಈಗ ಕಾನೂನು ಏನು ಹೇಳುತ್ತದೆ ನೋಡಿ. ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಪ್ರಕಾರ ಅಪಾಯಕಾರಿಯಾಗಿ ಓಡಿಸಿದರೆ ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ. ಎರಡನ್ನೂ ಕೊಡಬಹುದು, ಆದರೆ ಒಂದೇ ಆದರೂ ನಡೆಯುತ್ತದೆ. ಹಾಗಾಗಿ ಹೆಚ್ಚಿನ ಕೇಸುಗಳು ದಂಡ ಕಟ್ಟಿ ಮುಗಿಯುತ್ತವೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಲ್ಲಿ ಅಜಾಗರೂಕ ಚಾಲನೆಗೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಅದೇ ಯಾರಾದರೂ ಸತ್ತರೆ 106ನೇ ಕಲಮು, 5 ವರ್ಷದವರೆಗೆ ಜೈಲು. ಓಡಿಸಿದ ರೀತಿ ಎರಡು ಕಡೆಯೂ ಒಂದೇ. ಆ ಹಾಲಿನ ಹೆಂಗಸು ಚರಂಡಿಗೆ ಇಳಿದರೆ ಸಾವಿರ ರೂಪಾಯಿ, ಇಳಿಯಲು ತಡವಾದರೆ 5 ವರ್ಷ. ಹೆಣ ಬೀಳುವ ತನಕ ಕಾಯುವ ಕಾನೂನು ನಮಗೆ ಬೇಡ ಎನ್ನುವುದಷ್ಟೇ ನನ್ನ ಹಟ.

ಇದು ನನ್ನೊಬ್ಬನ ಮಾತಲ್ಲ. 2025ರ ಮೇಯಲ್ಲಿ ಕರ್ನಾಟಕ ಹೈಕೋರ್ಟ್ ವ್ಹೀಲಿ ಮಾಡಿದವನೊಬ್ಬನಿಗೆ ಜಾಮೀನು ಕೊಡಲಿಲ್ಲ. ಈಗಿರುವ ಕಾನೂನು ಸಾಲದು, ಸರ್ಕಾರ ಬಿಗಿ ಕಾನೂನು ತರಬೇಕು ಎಂದಿತು. ಕಾನೂನು ಸಡಿಲವಾದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2024ರ ಆಗಸ್ಟಿನಲ್ಲಿ ತುಮಕೂರು ಹೆದ್ದಾರಿಯಲ್ಲಿ ರೊಚ್ಚಿಗೆದ್ದ ಜನ ವ್ಹೀಲಿ ಹುಡುಗರ ಸ್ಕೂಟರ್‌ಗಳನ್ನು ಫ್ಲೈಓವರಿನಿಂದ ಕೆಳಕ್ಕೆ ಎಸೆದರು. ಕೆಳಗಡೆ ಯಾರಾದರೂ ಇದ್ದಿದ್ದರೆ? ಕೆನಡಾದ ಒಂಟಾರಿಯೊದಲ್ಲಿ ಸ್ಟಂಟ್ ಡ್ರೈವಿಂಗ್ ಅನ್ನುವುದೇ ಪ್ರತ್ಯೇಕ ಅಪರಾಧ. ಸಿಕ್ಕಿಬಿದ್ದ ಜಾಗದಲ್ಲೇ ಗಾಡಿ 14 ದಿನ ಜಪ್ತಿ, ಲೈಸೆನ್ಸ್ 30 ದಿನ ಅಮಾನತು. ಕೋರ್ಟು, ವಾಯಿದೆ ಎಲ್ಲಾ ಆಮೇಲೆ.

ಗಲ್ಫಿನ ಮಾತು ನೀವೇ ಎತ್ತಿದಿರಿ. ನಮ್ಮದೇ ಹುಡುಗರು ದುಬೈಯಲ್ಲಿ ಲೇನ್ ತಪ್ಪದೆ ಓಡಿಸುತ್ತಾರೆ. ಅಲ್ಲಿ ಅಪಾಯಕಾರಿಯಾಗಿ ಓಡಿಸಿದರೆ 2,000 ದಿರ್ಹಂ ದಂಡ, ಲೈಸೆನ್ಸಿನ ಲೆಕ್ಕಕ್ಕೆ 23 ಬ್ಲ್ಯಾಕ್ ಪಾಯಿಂಟ್ (ತಪ್ಪಿನ ಅಂಕ), 60 ದಿನ ಗಾಡಿ ಜಪ್ತಿ. 2023ರಿಂದ ದುಬೈಯಲ್ಲಿ ಆ ಗಾಡಿ ಬಿಡಿಸಿಕೊಳ್ಳಲು 50,000 ದಿರ್ಹಂ ಕಟ್ಟಬೇಕು. ಅದೇ ಹುಡುಗ ರಜೆಯಲ್ಲಿ ಊರಿಗೆ ಬಂದರೆ ಬೇರೆಯೇ ಆಗಿಬಿಡುತ್ತಾನೆ. ವೀಸಾದ ಕನಸಿರುವವನಿಗೆ ಸಾವಿರ ರೂಪಾಯಿಗಿಂತ ಕೇಸಿನ ಹೆದರಿಕೆ ಜಾಸ್ತಿ ನಾಟುತ್ತದೆ. ನೀವು ಬೇಡವೆಂದ ಕಾರಣಕ್ಕೇ ನನಗದು ಬೇಕು.

ನನಗೆ ಹೆಚ್ಚು ಸಿಟ್ಟು ಬರುವುದು ಮಾತ್ರ ಹಿರಿಯರ ಮೇಲೆ. ಹತ್ತನೇ ಕ್ಲಾಸು ಪಾಸಾದ ಖುಷಿಗೆ ಬೈಕು! ಲೈಸೆನ್ಸಿಗೆ ಇನ್ನೂ ವರ್ಷ ಬಾಕಿ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 199ಎ ಕಲಮು ಇದೆಯಲ್ಲ, ಅದನ್ನು ಎಷ್ಟು ತಂದೆ ತಾಯಿ ಓದಿದ್ದಾರೆ? ಪ್ರಾಯ ತುಂಬದವನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಯಜಮಾನರಿಗೆ 3 ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ‘ನಮಗೆ ಗೊತ್ತೇ ಇರಲಿಲ್ಲ’ ಅಂದರೆ ಅದನ್ನು ಸಾಬೀತು ಮಾಡುವ ಹೊಣೆಯೂ ಅವರದೇ. ಕೇರಳದ ಕೋರ್ಟುಗಳು ಇದನ್ನು ಜಾರಿ ಮಾಡುತ್ತಲೂ ಇವೆ. ದಂಡದ ಜೊತೆಗೆ ಕೋರ್ಟ್ ಏಳುವ ತನಕ, ಅಂದರೆ ಆ ದಿನದ ಕಲಾಪ ಮುಗಿಯುವ ತನಕ, ಶಿಕ್ಷೆ ಅನುಭವಿಸಿದ ಪೋಷಕರಿದ್ದಾರೆ.

ವಿಮೆ ಇದೆಯಲ್ಲ ಅನ್ನುವ ಧೈರ್ಯವೂ ಬೇಡ. ಅರಸೀಕೆರೆ ಕಡೆ 2014ರಲ್ಲಿ ವೇಗವಾಗಿ ಓಡಿಸಿ, ಕಾರು ಮಗುಚಿ ಸತ್ತವರೊಬ್ಬರ ಮನೆಯವರು 80 ಲಕ್ಷ ರೂಪಾಯಿ ಪರಿಹಾರ ಕೇಳಿದ್ದರು. ತಪ್ಪು ಓಡಿಸಿದವರದೇ ಆದ್ದರಿಂದ ಪರಿಹಾರವಿಲ್ಲ ಎಂಬ ಹೈಕೋರ್ಟ್ ತೀರ್ಪನ್ನು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಇದನ್ನೆಲ್ಲ ನಮ್ಮವರಿಗೆ ಹೇಳುವವರು ಯಾರು? ಮೊನ್ನೆ ರಸ್ತೆ ಸುರಕ್ಷತೆಯ ಕರಪತ್ರದ ಕಟ್ಟೊಂದು ನಮ್ಮ ಕಚೇರಿಗೂ ಬಂತು. ಚಂದದ ಬಣ್ಣ, ದಪ್ಪ ಕಾಗದ, ಕನ್ನಡ ಒಂದಕ್ಷರ ಇಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡದವರು ಎಷ್ಟಿದ್ದಾರೆ ಎಂದು ಹಂಚುವವರಿಗೆ ಗೊತ್ತಿಲ್ಲವೇ? ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಮಾಡಿಕೊಟ್ಟರು. ಅದರ ಬದಿಯಲ್ಲಿ ನಡೆದುಹೋಗುವ ಅಜ್ಜಿಯ ಬಗ್ಗೆ ಯೋಚಿಸಿದವರು ಕಡಿಮೆ. ಅವಳು ಆಚೆ ದಾಟಲು ಎಷ್ಟು ಸುತ್ತಬೇಕೆಂದು ಒಮ್ಮೆ ಜೊತೆಗೆ ನಡೆದು ನೋಡಲಿ.

ಮಾಸ್ಟ್ರೇ, ನಿಮ್ಮಿಂದ ಒಂದು ಕೆಲಸ ಆಗಬೇಕು. 199ಎ ಕಲಮನ್ನು ಸರಳ ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ ಕೊಡುವ ಹೊಣೆ ನಮ್ಮದು. ನಿಮ್ಮ ಹಳೆಯ ಶಾಲೆಯ ಮುಂದಿನ ಪಿಟಿಎ ಸಭೆಯಲ್ಲಿ ಅದನ್ನು ನೀವೇ ಓದಿ ಹೇಳಿ. ಅಲ್ಲಿ ಬಂದು ಕೂರುವ ಅಪ್ಪ ಅಮ್ಮಂದಿರಲ್ಲಿ ನಿಮ್ಮ ಶಿಷ್ಯರೇ ಜಾಸ್ತಿ ಇರುತ್ತಾರೆ, ನಿಮ್ಮ ಮಾತು ಮೀರುವುದಿಲ್ಲ. ಎಷ್ಟು ಪ್ರತಿ ಬೇಕು ಅಂತ ಒಂದು ಕಾರ್ಡು ಹಾಕಿ.

– ಸಂ.