ಹಳೆಯ ಪ್ಲಾಸ್ಮಾ ಟಿವಿ ಕೊಳ್ಳಬಹುದೇ?

ಪ್ರಶ್ನೆ: ಪರಿಚಯದವರು 42 ಇಂಚಿನ ಪ್ಲಾಸ್ಮಾ ಟಿವಿ ಅಗ್ಗಕ್ಕೆ ಕೊಡುತ್ತಿದ್ದಾರೆ. ಚಿತ್ರ ಬಹಳ ಚೆನ್ನಾಗಿದೆ. ತೆಗೆದುಕೊಳ್ಳಲೇ?
– ಓದುಗರೊಬ್ಬರು, ಗದಗ

ಉತ್ತರ: ಚಿತ್ರದ ಮಾತು ನಿಜ. ಪ್ಲಾಸ್ಮಾದಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಹಿಂದೆ ದೀಪವಿಲ್ಲ. ಹಾಗಾಗಿ ಕಪ್ಪು ಗಾಢವಾಗಿ ಕಾಣುತ್ತದೆ, ಓಡುವ ಚೆಂಡು ಮಸುಕಾಗದು, ಓರೆಯಲ್ಲಿ ಕೂತವರಿಗೂ ಬಣ್ಣ ಕೆಡದು. ಆದರೆ ಹಗಲೆಲ್ಲ ಬಾಗಿಲು ತೆರೆದಿರುವ ಪಡಸಾಲೆಗೆ ಇದು ಒಗ್ಗುವುದಿಲ್ಲ. ಗಾಜಿನಲ್ಲಿ ನಿಮ್ಮ ಅಂಗಳವೇ ಕಾಣುತ್ತದೆ. ಕರೆಂಟು ಅದೇ ಅಳತೆಯ ಎಲ್‌ಇಡಿಗಿಂತ ಎರಡು-ಮೂರು ಪಟ್ಟು.

ಮುಖ್ಯವಾಗಿ ನೋಡಬೇಕಾದದ್ದು ಪರದೆಯ ಕಲೆ. ಸುದ್ದಿವಾಹಿನಿಯ ಲೋಗೋ, ಕೆಳಗಿನ ಪಟ್ಟಿ ದಿನವಿಡೀ ಒಂದೇ ಕಡೆ ನಿಂತರೆ ಅಲ್ಲಿನ ಫಾಸ್ಫರ್ (ಬಣ್ಣದ ಬೆಳಕು ಚೆಲ್ಲುವ ಲೇಪ) ಹೆಚ್ಚು ಸವೆದು ನೆರಳು ಉಳಿದುಬಿಡುತ್ತದೆ. ಬರೀ ಬಿಳಿ, ಬರೀ ಕೆಂಪು ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಿ ನೋಡಿ, ನೆರಳಿದ್ದರೆ ಬೇಡ. ಅರ್ಧ ತಾಸು ಓಡಿಸಿ. ತಾನೇ ಆಫ್ ಆಗಿ ಕೆಂಪು ದೀಪ ಮಿಣುಕಿದರೆ ಸಾಮಾನ್ಯವಾಗಿ ಪವರ್ ಬೋರ್ಡಿನ ಅಥವಾ ಚುಕ್ಕೆಗಳನ್ನು ಬೆಳಗಿಸುವ ಸಸ್ಟೇನ್ ಬೋರ್ಡಿನ ದೋಷ. ಪ್ಯಾನಾಸೋನಿಕ್ 2013ರ ಕೊನೆಗೆ, ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿದವು; ಈಗ ಹುಬ್ಬಳ್ಳಿಯಲ್ಲಿ ಹುಡುಕಿದರೂ ಬೋರ್ಡ್ ಸಿಕ್ಕರೆ ಕೆಟ್ಟ ಸೆಟ್ಟಿನಿಂದ ಬಿಚ್ಚಿದ್ದೇ.

ರಾತ್ರಿ ಸಿನಿಮಾಕ್ಕಷ್ಟೇ ಆದರೆ, ರಿಪೇರಿಯ ಆಸೆ ಬಿಟ್ಟು ಕೊಳ್ಳಿ. ತರುವಾಗ ನಿಲ್ಲಿಸಿಯೇ ತನ್ನಿ. ಮಲಗಿಸಿದರೆ ಕುಲುಕಾಟಕ್ಕೆ ಗಾಜು ಬಿರಿಯಬಹುದು.