ಸಮಾಜವಾದಿ ದೇಶಗಳಲ್ಲಿ ಸದಾ ಕೊರತೆ ಯಾಕಿತ್ತು? ಯಾನೋಶ್ ಕೊರ್ನಾಯಿ ಏನು ಹೇಳಿದರು?

ಬಜಾಜ್ ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದ ಹಿರಿಯರು ಮನೆಯಲ್ಲಿದ್ದರೆ ಅರ್ಧ ಉತ್ತರ ಅವರೇ ಹೇಳುತ್ತಾರೆ.

ಹಂಗೇರಿಯ ಅರ್ಥಶಾಸ್ತ್ರಜ್ಞ ಕೊರ್ನಾಯಿ (1928–2021) ಕೊರತೆಗೆ ಅಧಿಕಾರಿಗಳ ತಪ್ಪು ಲೆಕ್ಕವನ್ನು ದೂರಲಿಲ್ಲ. ವ್ಯವಸ್ಥೆಯೇ ಅದನ್ನು ಹುಟ್ಟಿಸುತ್ತದೆ ಎಂದು 1980ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಾದಿಸಿದರು. ಸರ್ಕಾರಿ ಕಾರ್ಖಾನೆ ನಷ್ಟದಲ್ಲಿದ್ದರೂ ಬಾಗಿಲು ಹಾಕುವುದಿಲ್ಲ. ಸಬ್ಸಿಡಿ, ತೆರಿಗೆ ವಿನಾಯಿತಿ, ಸಾಲ, ಏನಾದರೊಂದು ಬಂದೇ ಬರುತ್ತದೆ. ಇದಕ್ಕೆ ಅವರಿಟ್ಟ ಹೆಸರು ‘ಮೆತ್ತನೆಯ ಬಜೆಟ್ ಮಿತಿ’. ಅಪ್ಪ ಸಾಲ ತೀರಿಸುತ್ತಾನೆಂದು ಗೊತ್ತಿರುವ ಮಗ ಖರ್ಚಿಗೆ ಹಿಂದುಮುಂದು ನೋಡುತ್ತಾನೆಯೇ? ಮ್ಯಾನೇಜರೂ ಅಷ್ಟೇ. ನಾಳೆ ಸಿಗದಿದ್ದರೆ ಎಂಬ ಭಯಕ್ಕೆ ಸಿಕ್ಕಷ್ಟು ಉಕ್ಕು, ಸಿಕ್ಕಷ್ಟು ಕೆಲಸಗಾರರನ್ನು ಕೂಡಿಹಾಕಿಕೊಳ್ಳುತ್ತಾನೆ. ಅವನು ಕೂಡಿಟ್ಟದ್ದೇ ಪಕ್ಕದ ಕಾರ್ಖಾನೆಯ ಕೊರತೆ. ಕೊನೆಗೆ ಕಪ್ಪು ಬೂಟು ಕೇಳಲು ಹೋದವನು ಕ್ಯೂ ನಿಂತು ಕಂದು ಬೂಟು ತರುತ್ತಾನೆ, ಅದೂ ಒಂದು ಸೈಜ್ ದೊಡ್ಡದು.

1985ರಲ್ಲಿ ಚೀನಾದ ಯಾಂಗ್ಟ್ಸೆ ನದಿಯಲ್ಲಿ ಸಾಗುತ್ತಿದ್ದ ‘ಬಾಶಾನ್’ ಹಡಗಿನಲ್ಲಿ ಆರ್ಥಿಕ ಸುಧಾರಣೆಯ ಬಗ್ಗೆ ನಡೆದ ಸಮ್ಮೇಳನದಲ್ಲಿ ಅವರೂ ಇದ್ದರು. ಚೀನಾದ ಸುಧಾರಕರ ಮೇಲೆ ಅವರ ಪ್ರಭಾವ ದೊಡ್ಡದು.

1989ರಲ್ಲಿ ಪೂರ್ವ ಯುರೋಪಿನ ಸಮಾಜವಾದಿ ಸರ್ಕಾರಗಳು ಉರುಳಿದ ನಂತರ ಅವರ ಸಲಹೆ: ಸರ್ಕಾರಿ ಆಸ್ತಿಯನ್ನು ಕೂಪನ್‌ಗಳ (ಕೊಟ್ಟು ಕಂಪನಿಯ ಷೇರು ಪಡೆಯಬಹುದಾದ ಚೀಟಿಗಳ) ಮೂಲಕ ಜನರಿಗೆ ಪುಕ್ಕಟೆ ಹಂಚಬೇಡಿ, ನಿಜವಾದ ಮಾಲೀಕರಿಗೆ ಮಾರಿ, ಹೊಸ ಖಾಸಗಿ ಉದ್ಯಮ ಕೆಳಗಿನಿಂದ ಬೆಳೆಯಲಿ. ಹಂಗೇರಿ ಬಹುಮಟ್ಟಿಗೆ ಮಾರಿತು. ಜೆಕೊಸ್ಲೊವಾಕಿಯಾ, ರಷ್ಯಾ ಕೂಪನ್ ದಾರಿ ಹಿಡಿದವು. ರಷ್ಯಾದ ಆಸ್ತಿ ಕೊನೆಗೆ ಬೆರಳೆಣಿಕೆಯ ಸಿರಿವಂತರ ಕೈ ಸೇರಿದ್ದನ್ನು ನೋಡಿದರೆ, ನನಗಂತೂ ಮುದುಕ ಕೊರ್ನಾಯಿಯ ಮಾತೇ ಸರಿಯೆನಿಸುತ್ತದೆ.