ಉಬುಂಟುವಿನಲ್ಲಿ ಬೂಟ್ ಫೋಲ್ಡರ್ ಪೂರ್ತಿ ಅಳಿಸಿಬಿಟ್ಟೆ, ಈಗ ರೀಸ್ಟಾರ್ಟ್ ಮಾಡಬಹುದಾ?

ಮಾಡಬೇಡಿ. ಶಟ್‌ಡೌನ್ ಕೂಡ ಬೇಡ. ಮೊದಲು ಚಾರ್ಜರ್ ಹಾಕಿ, ಆಮೇಲೆ ಮುಂದೆ ಓದಿ.

ನಿಮ್ಮ ಕಥೆ ನನಗೆ ತಿಳಿದ ಮಟ್ಟಿಗೆ ಇಷ್ಟು: ಉಬುಂಟು 22.04, ಜೊತೆಗೆ ವಿಂಡೋಸ್ ಇದೆ. ಅಪ್‌ಡೇಟ್ ಮಾಡುವಾಗ ಬೂಟ್ ಪಾರ್ಟಿಷನ್‌ನಲ್ಲಿ ಜಾಗ ಇಲ್ಲ ಅಂತ ಎರರ್ ಬಂತು. ಹಳೇ ಫೈಲ್ ತೆಗೆಯೋಣ ಅಂತ ಸುಡೋ (ಅಡ್ಮಿನ್ ಅಧಿಕಾರ) ಹಾಕಿ, ಆರ್‌ಎಂ ಅನ್ನುವ ಅಳಿಸುವ ಕಮ್ಯಾಂಡ್ ಜೊತೆ ಸ್ಟಾರ್ (ಅಂದರೆ ಎಲ್ಲಾ ಫೈಲ್) ಕೊಟ್ಟಿರಿ, ಒಳಗಿದ್ದದ್ದೆಲ್ಲ ಹೋಯಿತು. ಆದರೂ ಲ್ಯಾಪ್‌ಟಾಪ್ ಏನೂ ಆಗದ ಹಾಗೆ ಓಡುತ್ತಿದೆ.

ಓಡುತ್ತಿರುವುದರಲ್ಲಿ ಆಶ್ಚರ್ಯ ಇಲ್ಲ. ಓಎಸ್‌ನ ತಿರುಳಾದ ಕರ್ನಲ್ ಬೂಟ್ ಆಗುವಾಗಲೇ ರ‍್ಯಾಮ್‌ಗೆ ಬಂದು ಕೂತಿದೆ. ಡಿಸ್ಕ್‌ನಲ್ಲಿದ್ದ ಅದರ ಫೈಲ್ ಮತ್ತೆ ಬೇಕಾಗುವುದು ಮುಂದಿನ ಸಲ ಆನ್ ಮಾಡಿದಾಗ. ಹಾಗಾಗಿ ನಿಮ್ಮ ಸ್ಥಿತಿ ಅಂದುಕೊಂಡಷ್ಟು ಕೆಟ್ಟದಾಗಿಲ್ಲ.

ಯಾರಾದರೂ ಫೋಟೋರೆಕ್, ಟೆಸ್ಟ್‌ಡಿಸ್ಕ್ ಹಾಕಿ ಫೈಲ್ ವಾಪಸ್ ತೆಗೆಯಿರಿ ಅಂದರೆ ಕೇಳಬೇಡಿ. ಓಎಸ್ ಹೊಸದಾಗಿ ಹಾಕಿ ಅಂದರೂ ಕೇಳಬೇಡಿ. ಬೂಟ್ ಫೋಲ್ಡರ್‌ನಲ್ಲಿ ನಿಮ್ಮ ಸ್ವಂತದ್ದು ಅಂತ ಏನೂ ಇರುವುದಿಲ್ಲ. ವಿಎಂಲಿನಕ್ಸ್, ಅಂದರೆ ಕರ್ನಲ್‌ನ ಫೈಲ್, ಬರುವುದು ಪ್ಯಾಕೇಜ್‌ನಿಂದ. ಬೂಟ್ ಶುರುವಿನಲ್ಲಿ ಕರ್ನಲ್‌ಗೆ ಬೇಕಾದ ಡ್ರೈವರ್‌ಗಳಿರುವ ಇನಿಟ್‌ಆರ್‌ಡಿ ಫೈಲ್ ನಿಮ್ಮ ಮೆಷಿನ್‌ನಲ್ಲೇ ತಯಾರಾಗುತ್ತದೆ. ಆನ್ ಮಾಡಿದಾಗ ಯಾವ ಓಎಸ್ ಬೇಕು ಅಂತ ಕೇಳುವ ಗ್ರಬ್ ಮೆನು ಕೂಡ ಅಷ್ಟೇ, ಅದರ ಸೆಟ್ಟಿಂಗ್ ಇಟಿಸಿ ಫೋಲ್ಡರ್‌ನಲ್ಲಿ ಭದ್ರವಾಗಿದೆ. ಕರ್ನಲ್ ಮಾಡ್ಯೂಲ್‌ಗಳು ಲಿಬ್ ಫೋಲ್ಡರ್‌ನಲ್ಲಿವೆ, ಅವನ್ನು ನೀವು ಮುಟ್ಟಿಲ್ಲ. ಎಲ್ಲವನ್ನೂ ಮತ್ತೆ ಮಾಡಿಕೊಳ್ಳಬಹುದು.

ಕಮ್ಯಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಎಲ್ಲಕ್ಕೂ ಮುಂದೆ ಸುಡೋ ಬೇಕು.

ಮೊದಲು ಗ್ರಬ್-ಇನ್‌ಸ್ಟಾಲ್. ಯುಇಎಫ್‌ಐ (ಹೊಸ ಬಗೆಯ ಬೂಟ್ ವ್ಯವಸ್ಥೆ) ಮೆಷಿನ್ ಆದರೆ ಕಮ್ಯಾಂಡ್ ಹೆಸರೊಂದೇ ಸಾಕು. ಹಳೇ ಬಯಾಸ್ ಮೆಷಿನ್ ಆದರೆ ಪಕ್ಕದಲ್ಲಿ ಡಿಸ್ಕ್ ಹೆಸರು ಕೊಡಬೇಕು. ಡಿಸ್ಕ್ ಅಂದರೆ ಎಸ್‌ಡಿಎ, ಎಸ್‌ಡಿಎ1 ಅಲ್ಲ. ಇದಾದ ಮೇಲೂ ಕೊನೆಯಲ್ಲಿ ಅಪ್‌ಡೇಟ್-ಗ್ರಬ್ ಅನ್ನು ನೀವೇ ಓಡಿಸಬೇಕು, ಅದಕ್ಕೆ ಕಾರಣ ಇದೆ. ಕರ್ನಲ್ ಪ್ಯಾಕೇಜ್ ಹಾಕಿದಾಗ ಗ್ರಬ್ ಮೆನು ತಾನಾಗೇ ಅಪ್‌ಡೇಟ್ ಆಗುತ್ತದೆ ಅಲ್ವಾ? ಆ ಸ್ಕ್ರಿಪ್ಟ್ ಹಳೇ ಗ್ರಬ್ ಸಿಎಫ್‌ಜಿ ಫೈಲ್ ಇದೆಯಾ ಅಂತ ನೋಡುತ್ತದೆ, ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡುತ್ತದೆ. ಎರರ್ ಕೂಡ ಕೊಡುವುದಿಲ್ಲ.

ಎರಡನೆಯದು ಕರ್ನಲ್. ಯುನೇಮ್ ಹೈಫನ್ ಆರ್ ಹೊಡೆದರೆ ಈಗ ಓಡುತ್ತಿರುವ ವರ್ಶನ್ ಸಿಗುತ್ತದೆ. ಆಪ್ಟ್ ಇನ್‌ಸ್ಟಾಲ್‌ಗೆ ರೀಇನ್‌ಸ್ಟಾಲ್ ಆಯ್ಕೆ ಸೇರಿಸಿ, ಆ ವರ್ಶನ್‌ನ ಲಿನಕ್ಸ್-ಇಮೇಜ್ ಮತ್ತು ಲಿನಕ್ಸ್-ಮಾಡ್ಯೂಲ್ಸ್ ಎರಡೂ ಪ್ಯಾಕೇಜ್ ಹಾಕಿ. ಇಮೇಜ್‌ನಿಂದ ವಿಎಂಲಿನಕ್ಸ್ ಬರುತ್ತದೆ. ಕಾನ್ಫಿಗ್, ಸಿಸ್ಟಂ ಮ್ಯಾಪ್ ಫೈಲ್‌ಗಳು ಉಬುಂಟುವಿನಲ್ಲಿ ಮಾಡ್ಯೂಲ್ಸ್ ಪ್ಯಾಕೇಜ್‌ನಲ್ಲಿರುತ್ತವೆ.

ಈಗ ಎಲ್‌ಎಸ್ ಹೈಫನ್ ಎಲ್‌ಎಚ್ ಹೊಡೆದು ಬೂಟ್ ಫೋಲ್ಡರ್ ನೋಡಿ. ವಿಎಂಲಿನಕ್ಸ್ ಹತ್ತು-ಹದಿನೈದು ಎಂಬಿ ಇರಬೇಕು, ಇನಿಟ್‌ಆರ್‌ಡಿ ಅದಕ್ಕಿಂತ ತುಂಬಾ ಜಾಸ್ತಿ. ಇನಿಟ್‌ಆರ್‌ಡಿ ಕಾಣದಿದ್ದರೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಅನ್ನು ಹೈಫನ್ ಸಿ, ಹೈಫನ್ ಕೆ ಮತ್ತು ವರ್ಶನ್ ಜೊತೆ ಓಡಿಸಿ. ಎಲ್ಲರೂ ಹೇಳುವ ಹೈಫನ್ ಯು ಇಲ್ಲಿ ಕೆಲಸಕ್ಕೆ ಬಾರದು, ಅದು ಇರುವುದನ್ನು ಅಪ್‌ಡೇಟ್ ಮಾಡುತ್ತದೆ. ನಿಮ್ಮಲ್ಲಿ ಇರುವುದೇ ಇಲ್ಲವಲ್ಲ. ಇದನ್ನು ಮರೆತು ರೀಸ್ಟಾರ್ಟ್ ಮಾಡಿದರೆ ರೂಟ್ ಎಫ್‌ಎಸ್ ಮೌಂಟ್ ಆಗಲಿಲ್ಲ, ಅನ್‌ನೋನ್ ಬ್ಲಾಕ್ (0,0) ಅಂತ ಕರ್ನಲ್ ಪ್ಯಾನಿಕ್ ಬರುತ್ತದೆ.

ಕೊನೆಗೆ ಅಪ್‌ಡೇಟ್-ಗ್ರಬ್. ಅದರ ಔಟ್‌ಪುಟ್‌ನಲ್ಲಿ ಲಿನಕ್ಸ್ ಇಮೇಜ್ ಸಿಕ್ಕಿತು, ಇನಿಟ್‌ಆರ್‌ಡಿ ಇಮೇಜ್ ಸಿಕ್ಕಿತು ಅನ್ನುವ ಎರಡೂ ಸಾಲು ಕಾಣಬೇಕು. ಕಂಡರೆ ರೀಸ್ಟಾರ್ಟ್ ಮಾಡಿ.

ನನಗೆ ಚಿಂತೆ ಇರುವುದು ನಿಮ್ಮ ವಿಂಡೋಸ್ ಬಗ್ಗೆ. ಬೂಟ್ ಒಳಗಿನ ಇಎಫ್‌ಐ ಫೋಲ್ಡರ್ ನಿಜಕ್ಕೂ ಬೇರೆ ಪಾರ್ಟಿಷನ್, ವಿಂಡೋಸ್ ಕೂಡ ತನ್ನ ಬೂಟ್ ಫೈಲ್‌ಗಳನ್ನು ಅಲ್ಲೇ ಇಡುತ್ತದೆ. ಆರ್‌ಎಂಗೆ ಹೈಫನ್ ಆರ್‌ಎಫ್ (ಒಳಗಿನ ಫೋಲ್ಡರ್‌ಗಳನ್ನೂ ಅಳಿಸು ಅಂತ) ಕೊಟ್ಟಿದ್ದರೆ ಅವೂ ಹೋಗಿರುತ್ತವೆ. ಅಲ್ಲಿ ಮೈಕ್ರೋಸಾಫ್ಟ್ ಅನ್ನುವ ಫೋಲ್ಡರ್ ಇದೆಯಾ ನೋಡಿ. ಇಲ್ಲದಿದ್ದರೆ ಉಬುಂಟು ಕಡೆಯಿಂದ ಅದನ್ನು ತರಲು ಆಗುವುದಿಲ್ಲ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಕಮ್ಯಾಂಡ್ ಪ್ರಾಂಪ್ಟ್‌ಗೆ ಹೋಗಿ, ಡಿಸ್ಕ್‌ಪಾರ್ಟ್‌ನಲ್ಲಿ ಇಎಫ್‌ಐ ಪಾರ್ಟಿಷನ್‌ಗೆ ಒಂದು ಡ್ರೈವ್ ಅಕ್ಷರ ಕೊಟ್ಟು, ವಿಂಡೋಸ್ ಬೂಟ್ ಫೈಲ್‌ಗಳನ್ನು ಮತ್ತೆ ಬರೆಯುವ ಬಿಸಿಡಿಬೂಟ್ ಓಡಿಸಬೇಕು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಹಾಕಿದ್ದರೆ ರಿಕವರಿ ಕೀ ಕೈಯಲ್ಲಿ ಇಟ್ಟುಕೊಳ್ಳಿ. ಆಮೇಲೆ ವಿಂಡೋಸ್ ಬೂಟ್ ಆರ್ಡರ್‌ನಲ್ಲಿ ಮೇಲೆ ಬಂದು ಕೂತಿರಬಹುದು, ಬಯಾಸ್ ಸೆಟಪ್‌ಗೆ ಹೋಗಿ ಉಬುಂಟುವನ್ನು ಮೇಲಕ್ಕೆ ತನ್ನಿ.

ಇದನ್ನು ಓದುವಷ್ಟರಲ್ಲಿ ಲ್ಯಾಪ್‌ಟಾಪ್ ಆಫ್ ಆಗಿಹೋಗಿದ್ದರೆ ಉಬುಂಟು ಲೈವ್ ಪೆನ್‌ಡ್ರೈವ್ ಬೇಕು. ನಿಮ್ಮದು ಯುಇಎಫ್‌ಐ ಮೆಷಿನ್ ಆದರೆ ಅದನ್ನು ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಮಾಡಿ. ಎಲ್‌ಎಸ್‌ಬಿಎಲ್‌ಕೆ ಹೈಫನ್ ಎಫ್ ಹಾಕಿ ಪಾರ್ಟಿಷನ್‌ಗಳನ್ನು ಗುರುತಿಸಿ. ರೂಟ್ ಪಾರ್ಟಿಷನ್ ಎಂಎನ್‌ಟಿಯಲ್ಲಿ ಮೌಂಟ್ ಆಗಲಿ, ಅದರ ಮೇಲೆ ಬೂಟ್, ಅದರ ಮೇಲೆ ಇಎಫ್‌ಐ, ಇದೇ ಕ್ರಮದಲ್ಲಿ. ಡೆವ್, ಪ್ರಾಕ್, ಸಿಸ್, ರನ್ ನಾಲ್ಕನ್ನೂ ಆರ್‌ಬೈಂಡ್ ಮಾಡಿ (ಪೆನ್‌ಡ್ರೈವ್ ಸಿಸ್ಟಂನಿಂದ ಅಲ್ಲಿಗೆ ಜೋಡಿಸಿ) ಸಿಎಚ್‌ರೂಟ್ ಹೊಡೆಯಿರಿ, ಆಗ ನಿಮ್ಮ ಉಬುಂಟು ಒಳಗೆ ಹೋಗುತ್ತೀರಿ. ರನ್ ಬಿಟ್ಟರೆ ಒಳಗೆ ನೆಟ್ ಸಿಗದೆ ಆಪ್ಟ್ ಒದ್ದಾಡುತ್ತದೆ.

ಒಳಗೆ ಹೋದ ಮೇಲೆ ಮೇಲಿನ ಕೆಲಸಗಳೇ, ಒಂದು ವ್ಯತ್ಯಾಸ ಮಾತ್ರ. ಸಿಎಚ್‌ರೂಟ್ ಒಳಗೆ ಯುನೇಮ್ ಹೇಳುವುದು ಪೆನ್‌ಡ್ರೈವ್‌ನ ಕರ್ನಲ್ ವರ್ಶನ್, ನಿಮ್ಮದಲ್ಲ. ಲಿಬ್ ಒಳಗಿನ ಮಾಡ್ಯೂಲ್ಸ್ ಫೋಲ್ಡರ್ ತೆಗೆದು ಅಲ್ಲಿರುವ ವರ್ಶನ್ ನೋಡಿಕೊಂಡು ಹಾಕಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ ಕ್ರಿಪ್ಟ್‌ಸೆಟಪ್‌ನಲ್ಲಿ ತೆರೆಯುವಾಗ ಕ್ರಿಪ್ಟ್‌ಟ್ಯಾಬ್ ಫೈಲ್‌ನಲ್ಲಿರುವ ಹೆಸರನ್ನೇ ಕೊಡಿ. ಬೇರೆ ಹೆಸರು ಕೊಟ್ಟರೆ ಹೊಸ ಇನಿಟ್‌ಆರ್‌ಡಿ ಪಾಸ್‌ವರ್ಡ್ ಕೇಳದೆ ನಿಂತುಬಿಡಬಹುದು.

ಜಾಗದ ಸಮಸ್ಯೆಗೆ ಆಪ್ಟ್ ಆಟೋರಿಮೂವ್ ಜೊತೆ ಪರ್ಜ್ ಸಾಕು, ಹಳೇ ಕರ್ನಲ್‌ಗಳನ್ನು ಅದೇ ನೋಡಿ ತೆಗೆಯುತ್ತದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎರರ್‌ನ ಪೂರ್ತಿ ಸಾಲು ಮತ್ತು ಎಲ್‌ಎಸ್‌ಬಿಎಲ್‌ಕೆ ಔಟ್‌ಪುಟ್ ಎರಡನ್ನೂ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.